ಮಂಜೂರು ಎನ್ನುವ ಮುಂಚೆ

ಕುರ್ಚಿಯ ಬೆನ್ನು ಒದ್ದೆ. ಯಾರೋ ಕೊಡೆ ನೇತುಹಾಕಿ ಈಗಷ್ಟೇ ತೆಗೆದಿರಬೇಕು. ನೀವು ಒರಗಿದ ಕೂಡಲೇ ರವಕೆ ತಣ್ಣಗೆ ಮೈಗೆ ಅಂಟಿಕೊಳ್ಳುತ್ತದೆ. ಹೊರಗೆ ಕಾರ್ತೆಲ್ ತಿಂಗಳ ಮಳೆ ಬೆಳಗಿನಿಂದ ಬಿಡದೆ ಹೊಯ್ಯುತ್ತಿದೆ. ಒಳಗೆ ಉಡುಪಿ ನಗರಸಭೆಯ ಸಾಮಾನ್ಯ ಸಭೆ. ಒದ್ದೆ ಬಟ್ಟೆಯ ವಾಸನೆ, ಹಳೇ ಫೈಲಿನ ವಾಸನೆ, ಹಿಂದಿನ ಸಾಲಿನ ಸದಸ್ಯೆಯೊಬ್ಬರು ಮುಡಿದ ಶಂಕರಪುರ ಮಲ್ಲಿಗೆಯ ವಾಸನೆ ಒಂದಕ್ಕೊಂದು ಬೆರೆತು ಫ್ಯಾನಿನ ಕೆಳಗೆ ಸುತ್ತುತ್ತಿವೆ. ನಿಮ್ಮ ತೊಡೆಯ ಮೇಲೆ ಕಾರ್ಯಸೂಚಿ. ಅದರ ಅಂಚುಗಳು ಆಗಲೇ ತೇವಕ್ಕೆ ಸುರುಳಿಯಾಗಿವೆ.

“ವಿಷಯ ಸಂಖ್ಯೆ 12,” ಗುಮಾಸ್ತರು ಓದುತ್ತಾರೆ. ಒಂದೇ ಉಸಿರಿನಲ್ಲಿ ಸರ್ವೆ ನಂಬ್ರ, ರಸ್ತೆಯ ಹೆಸರು, ಅಂದಾಜು ಮೊತ್ತ, ಯಾವ ಅನುದಾನ, ಎಲ್ಲ ಹೇಳಿ ಮುಗಿಸುತ್ತಾರೆ.

“ಮಂಜೂರು,” ಮುಂದಿನ ಸಾಲಿನ ಒಂದು ದನಿ. “ಮಂಜೂರು, ಮಂಜೂರು,” ಹಿಂದಿನಿಂದ ನಾಲ್ಕೈದು ದನಿ.

“ವಿಷಯ ಸಂಖ್ಯೆ 13.”

ಗುಮಾಸ್ತರು ಉಸಿರು ಎಳೆದುಕೊಳ್ಳುವ ಹೊತ್ತಿಗೆ ವಿಷಯ ಮುಗಿದಿರುತ್ತದೆ. ನಿಮಗೆ ಹೇಳಲಿಕ್ಕೆ ಏನಾದರೂ ಇದ್ದರೆ ಆ ಉಸಿರಿಗಿಂತ ಮೊದಲೇ ಕೈ ಎತ್ತಬೇಕು, ಮೈಕಿನ ಗುಂಡಿ ಒತ್ತಬೇಕು, ಅದರ ಕೆಂಪು ದೀಪ ಹತ್ತಬೇಕು, ಅಧ್ಯಕ್ಷರು ಈ ಕಡೆ ನೋಡಬೇಕು. ಇದೆಲ್ಲ ಕೂಡಿಬರುವಷ್ಟರಲ್ಲಿ ಊರಿನ ಒಂದು ರಸ್ತೆ, ಒಂದು ಮೋರಿ, ಒಂದು ಗುತ್ತಿಗೆ ದಾಟಿ ಹೋಗಿರುತ್ತದೆ.

ಈ ಸಭೆಗೆ ನಾನು ತಾರೀಖು ಹಾಕುವುದಿಲ್ಲ. ಇದು ಒಂದು ದಿನದ ವರದಿಯಲ್ಲ. ಇಂಥ ಎಷ್ಟೋ ಸಭೆಗಳ ಮಾತು ಸೇರಿಸಿ, ನಿಮ್ಮನ್ನು ಆ ಒದ್ದೆ ಕುರ್ಚಿಯಲ್ಲಿ ಕೂರಿಸುವುದಕ್ಕಾಗಿ ಕಟ್ಟಿದ್ದು. ಹೆಸರಿಲ್ಲದ ಸದಸ್ಯರು, ಕಾರ್ಯಸೂಚಿಯ ಸಂಖ್ಯೆಗಳು ನನ್ನವು. ನದಿ, ಅಣೆಕಟ್ಟು, ಇಸವಿ, ಕಾಯ್ದೆ, ನೆರೆ ಇವು ಯಾವುವೂ ನಾನು ಕಟ್ಟಿದ್ದಲ್ಲ.

ನೀವು ಮಹಿಳಾ ಮೀಸಲಿನ ವಾರ್ಡಿನಿಂದ ಮೊದಲ ಬಾರಿಗೆ ಗೆದ್ದವರು. ಗೆದ್ದದ್ದು 2018ರ ಆಗಸ್ಟ್ 31ರ ಚುನಾವಣೆಯಲ್ಲಿ, 35 ವಾರ್ಡುಗಳಲ್ಲಿ ಒಂದರಿಂದ. ಹಾರ ಹಾಕಿಸಿಕೊಂಡಿರಿ, ಪಟಾಕಿ ಹೊಡೆದರು. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಮಗೆ ಸಭೆಯೇ ಇರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ತಕರಾರು ಮುಗಿದು ಆ ಕುರ್ಚಿಗಳು ತುಂಬಿದ್ದು 2020ರ ಕೊನೆಯ ತಿಂಗಳುಗಳಲ್ಲಿ. ಅಷ್ಟರೊಳಗೆ ಊರು ಎರಡು ಕಷ್ಟ ಕಂಡಿತ್ತು. 2019ರ ಮೇ ತಿಂಗಳಲ್ಲಿ ನೀರಿಲ್ಲ. 2020ರ ಸೆಪ್ಟೆಂಬರಿನಲ್ಲಿ ನೀರೇ ನೀರು. ಎರಡು ಸಲವೂ ನಿಮ್ಮ ಬಾಗಿಲು ಬಡಿದವರಿಗೆ ಸದಸ್ಯೆ ಯಾರೆಂದು ಗೊತ್ತಿತ್ತು, ಸದಸ್ಯೆಗೆ ಅಧಿಕಾರ ಇಲ್ಲವೆಂದು ಗೊತ್ತಿರಲಿಲ್ಲ.

“ವಿಷಯ ಸಂಖ್ಯೆ 14. ಮಣಿಪಾಲದ ಇಳಿಜಾರಿನ ವಸತಿ ಸಮುಚ್ಚಯದ ಮಳೆನೀರಿನ ಚರಂಡಿಯನ್ನು ಸಾರ್ವಜನಿಕ ತೋಡಿಗೆ ಸೇರಿಸಲು ಅನುಮತಿ ಕೋರಿ ಬಂದ ಅರ್ಜಿ. ನಕ್ಷೆ ಲಗತ್ತಿಸಿದೆ.”

“ಮಂಜೂರು.”

ಈ ಸಲ ಆ ದನಿಗಳಲ್ಲಿ ನಿಮ್ಮದೂ ಇದೆ. ಮನಸ್ಸು ಓದುವ ಮೊದಲೇ ನಾಲಿಗೆ ಹೇಳಿಬಿಟ್ಟಿತು. ಯಾಕೆ ಹೇಳಬಾರದು? ಜಾಗ ನಕ್ಷೆಯಲ್ಲಿ ಹಳದಿ ಬಣ್ಣದ್ದು, ಅಂದರೆ ವಸತಿ ವಲಯ. ಕಾಗದಪತ್ರ ಸರಿ ಉಂಟು. ಹರಿಯುವ ನೀರನ್ನು ತೋಡಿಗೆ ಬಿಡದೆ ಇನ್ನೆಲ್ಲಿಗೆ ಬಿಡುವುದು?

ನೀರಿನ ವಿಷಯ ಬಂದಾಗ ಸಭೆಗೆ ನಿಜವಾದ ಜೀವ ಬರುತ್ತದೆ. ಪರ್ಕಳದ ಕಡೆಯ ಸದಸ್ಯರೊಬ್ಬರು ಎದ್ದು ಮೇಜು ಕುಟ್ಟುತ್ತಾರೆ.

“ಎಂತ ಮಾರಾಯ್ರೆ ಇದು? ಆಕಾಶದಿಂದ ಇಷ್ಟು ನೀರು ಬೀಳ್ತಾ ಉಂಟು, ನಮ್ಮ ನಳ್ಳಿಯಲ್ಲಿ ಗಾಳಿ ಬರ್ತದೆ. ಎತ್ತರದ ಮನೆಗೆ ನಾಲ್ಕು ದಿನ ಆಯ್ತು ನೀರು ಹತ್ತದೆ. ನಾನು ವಾರ್ಡಿಗೆ ಹೋಗುವುದು ಹೇಗೆ, ನೀವೇ ಹೇಳಿ.”

“ಪಂಪಿನ ಮೋಟಾರು ಸುಟ್ಟಿದೆ ಸರ್, ರಿವೈಂಡಿಂಗಿಗೆ ಕೊಟ್ಟಿದ್ದೇವೆ,” ಎಂಜಿನಿಯರ್.

“ಪ್ರತಿ ಮೀಟಿಂಗಿಗೂ ಅದೇ ಮೋಟಾರು ಸುಡ್ತದಾ?”

ನಗು, ಕೂಗು, ಗಂಟೆ. ಇಬ್ಬರು ಎದ್ದು ಅಧ್ಯಕ್ಷರ ಪೀಠದ ಎದುರು ನೆಲದಲ್ಲಿ ಕೂತು ಧರಣಿ ಶುರುಮಾಡುತ್ತಾರೆ. ಫೋಟೋ ತೆಗೆಯುವವರು ಮುಂದೆ ಓಡುತ್ತಾರೆ. ನಿಮ್ಮ ಗಂಟಲೂ ಒಣಗುತ್ತದೆ, ಏಕೆಂದರೆ 2019ರ ಆ ಮೇ ತಿಂಗಳು ನಿಮ್ಮ ಮೈಗೆ ಗೊತ್ತು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ್ದೀರಿ. ಈ ಊರಿನ ನಳ್ಳಿನೀರಿಗೆ ಆಧಾರ ಸ್ವರ್ಣಾ ನದಿ. ಹಿರಿಯಡ್ಕದ ಬಳಿ ಬಜೆಯ ಅಣೆಕಟ್ಟಿನಲ್ಲಿ ನೀರು ನಿಲ್ಲಬೇಕು, ಅಲ್ಲಿಂದ ಪಂಪು ಎಳೆಯಬೇಕು. ಆ ವರ್ಷ ಅಣೆಕಟ್ಟು ಬತ್ತಿ, ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪು ಇಟ್ಟು ಬಜೆಗೆ ಸಾಗಿಸಿದರು. ವಾರ್ಡುಗಳಿಗೆ ಸರದಿಯ ಮೇಲೆ ನೀರು ಬಿಟ್ಟರು. ಸರದಿ ತಪ್ಪಿದರೆ ಬೈಗುಳ ತಪ್ಪುತ್ತಿರಲಿಲ್ಲ.

“ಮೇಲೆ ಮುಂಡ್ಲಿಯಲ್ಲಿ ಕಾರ್ಕಳದವರು ನಿಲ್ಲಿಸಿಕೊಂಡರೆ ನಮಗೆ ಎಲ್ಲಿಂದ ಬರುವುದು?” ಎಂದು ಯಾರೋ ಹಿಂದಿನಿಂದ ಕೂಗುತ್ತಾರೆ. ಹಳೇ ಕೂಗು. ಕಾರ್ಕಳ ಪೇಟೆ ಕುಡಿಯುವುದೂ ಇದೇ ಸ್ವರ್ಣೆಯನ್ನು, ಅದೂ ಮೊದಲು. ಅಲ್ಲಿನ ಪುರಸಭೆಯ 23 ವಾರ್ಡುಗಳ ಸದಸ್ಯರಿಗೂ ಇಂಥದೇ ಸಭೆ, ಇಂಥದೇ ಮೋಟಾರು, ಅಲ್ಲಿ ಒಳಚರಂಡಿಯ ಮ್ಯಾನ್‌ಹೋಲುಗಳ ಜಗಳ ಬೇರೆ. ಎರಡು ಊರಿನ ನಡುವೆ ಹರಿಯುವ ನದಿ ಒಂದೇ ಆದರೂ ಎರಡು ಸಭೆಗಳು ಒಂದೇ ಮೇಜಿನ ಸುತ್ತ ಕೂರುವುದಿಲ್ಲ. ವಾರಾಹಿಯ ನೀರು ಪೈಪಿನಲ್ಲಿ ತರುವ ಯೋಜನೆಯ ಮಾತು ಎತ್ತಿ ಎಂಜಿನಿಯರ್ ತಪ್ಪಿಸಿಕೊಳ್ಳುತ್ತಾರೆ. ಧರಣಿ ಕೂತವರು ಸೀರೆ, ಪಂಚೆ ಸರಿಮಾಡಿಕೊಂಡು ಏಳುತ್ತಾರೆ.

ಮುಂದಿನದು ಮಣಿಪಾಲದ ಪಿಜಿಗಳು. ವಾಸದ ಮನೆಯೆಂದು ಪರವಾನಗಿ ಪಡೆದು, ವಾಸದ ಮನೆಯೆಂದೇ ತೆರಿಗೆ ಕಟ್ಟಿ, ಒಳಗೆ ಕೋಣೆಗೆ ಮೂರರಂತೆ ಮಂಚ ಹಾಕಿದ ಮನೆಗಳು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ದೂರು ಬರೆದಿದ್ದಾರೆ: ರಾತ್ರಿ ಎರಡು ಗಂಟೆಗೆ ಬೈಕು, ಬಾವಿಗೆ ಇಳಿಯುವ ಶೌಚದ ನೀರು. ಬೀಗ ಹಾಕಿ ಎನ್ನುತ್ತಾರೆ ಒಬ್ಬರು. ಬೀಗ ಹಾಕಿದರೆ ಆ ಮನೆಯ ವಿಧವೆ ಸಾಲ ಕಟ್ಟುವುದು ಹೇಗೆ ಎನ್ನುತ್ತಾರೆ ಇನ್ನೊಬ್ಬರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದಾಗ ಇಲ್ಲಿನ ಮುರಕಲ್ಲಿನ ಮೇಲೆ ಒಂದು ಶಹರವೇ ಬೆಳೆದೀತೆಂದು ಎಷ್ಟು ಮಂದಿ ಎಣಿಸಿದ್ದರೋ. ಕಂದಾಯ ಅಧಿಕಾರಿ ಸಮೀಕ್ಷೆ ಮಾಡಿಸುವುದಾಗಿ ಹೇಳುತ್ತಾರೆ. ಸಮೀಕ್ಷೆ ಅಂದರೆ ವಿಷಯ ಸದ್ಯಕ್ಕೆ ಸತ್ತಿತು ಎಂದು ಎಲ್ಲರಿಗೂ ಗೊತ್ತು.

ಚಹಾಕ್ಕೆ ಬಿಡುವು. ಕಾರಿಡಾರಿನಲ್ಲಿ ಬಿಸಿ ಗೋಳಿಬಜೆ, ತೆಂಗಿನ ಚಟ್ನಿ. ನೀವು ಒಂದು ಕಚ್ಚಿ, ಅದರ ಬಿಸಿಗೆ ಬಾಯಿ ತೆರೆದು ಊದಿಕೊಳ್ಳುತ್ತಿರುವಾಗಲೇ ಮೂಲೆಯ ಬೆಂಚಿನಲ್ಲಿ ಕೂತಿರುವ ಆ ಅಮ್ಮ ಕಣ್ಣಿಗೆ ಬೀಳುತ್ತಾರೆ. ಮಡಿಲಲ್ಲಿ ಪ್ಲಾಸ್ಟಿಕ್ ಫೋಲ್ಡರು. ಕಾಲಿನ ಬೆರಳುಗಳ ನಡುವೆ ಕೆಸರು ಒಣಗಿದೆ. ನಿಮ್ಮ ವಾರ್ಡಿನವರು. ನಿಮ್ಮ ತಾಯಿಯ ಜೊತೆ ನಾಟಿಗೆ ಹೋದವರು.

“ಇವತ್ತು ಬರ್ತದಲ್ಲ ಮಗಾ, ನನ್ನದು?”

“ಬರ್ತದೆ ಅಮ್ಮ. 29.”

ಕಲ್ಸಂಕದಿಂದ ಕೆಳಗಿನ ಬೈಲಿನಲ್ಲಿ ಅವರದು 30 ಸೆಂಟ್ಸ್ ಗದ್ದೆ. 1974ರ ಭೂಸುಧಾರಣೆಯ ಕಾಲದಲ್ಲಿ ಗಂಡ ಡಿಕ್ಲರೇಶನ್ ಹಾಕಿ, ಟ್ರಿಬ್ಯೂನಲ್ಲಿಗೆ ಅಲೆದು ಮಾಡಿಕೊಂಡದ್ದು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ನೆಲ. ಈಗ ಉಳಲು ಜನ ಇಲ್ಲ, ಹುಲ್ಲು ಬೆಳೆದಿದೆ. ಮಗ ಮುಂಬಯಿಯ ಹೋಟೆಲು ಬಿಟ್ಟು ಹೆಂಡತಿ ಮಕ್ಕಳೊಡನೆ ಬಂದು ತಂಗಿಯ ಮನೆಯ ಚಾವಡಿಯಲ್ಲಿದ್ದಾನೆ. ಮನೆ ಕಟ್ಟಬೇಕು. ಕಟ್ಟಲು ಬ್ಯಾಂಕಿನ ಸಾಲ ಬೇಕು. ಸಾಲಕ್ಕೆ ಪರವಾನಗಿ, ಪರವಾನಗಿಗೆ ಏಕನಿವೇಶನ ನಕ್ಷೆ, ಅದಕ್ಕೆ ಕನ್ವರ್ಷನ್. ಕನ್ವರ್ಷನ್ ಆಗಬೇಕಾದರೆ ಮಾಸ್ಟರ್ ಪ್ಲಾನಿನ ಆ ಹಸಿರು ತುಂಡು ಹಳದಿಯಾಗಬೇಕು. ಕೃಷಿ ವಲಯ ವಸತಿ ವಲಯವಾಗಬೇಕು. ಒಂದು ಬಾಗಿಲಿನ ಕೀಲಿ ಇನ್ನೊಂದು ಬಾಗಿಲಿನ ಒಳಗೆ.

ಬಣ್ಣ ಬದಲಿಸುವ ಅಧಿಕಾರ ನಿಮ್ಮ ಸಭೆಗಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನ ಕೆಲಸ ಅದು. ನಗರಾಭಿವೃದ್ಧಿ ಪ್ರಾಧಿಕಾರ ಬೇರೆ ಕಟ್ಟಡ, ಅದರ ಮೇಲೆ ಬೆಂಗಳೂರು. ನಿಮ್ಮಿಂದ ಬೇಕಾದದ್ದು ಅಭಿಪ್ರಾಯ ಮಾತ್ರ, ಒಂದು ಸಾಲು. ಆದರೆ ಆ ಒಂದು ಸಾಲು ಇಲ್ಲದಿದ್ದರೆ ಫೈಲು ಮಲಗುತ್ತದೆ. ಎರಡು ತಿಂಗಳಿನಿಂದ ನೀವೇ ಅದರ ಹಿಂದೆ ಓಡಾಡಿ ಇವತ್ತಿನ ಕಾರ್ಯಸೂಚಿಗೆ ಹತ್ತಿಸಿದ್ದೀರಿ. ಹಿರಿಯ ಸದಸ್ಯರೊಬ್ಬರು ಸಹಾಯ ಮಾಡಿದ್ದಾರೆ. “ಅಕ್ಕ, ಬಡವರ ಕೆಲಸ, ನಾನು ನೋಡಿಕೊಳ್ಳುತ್ತೇನೆ” ಅಂದಿದ್ದಾರೆ.

ಫೋನು ನಡುಗುತ್ತದೆ. ಕಾಪು ಪುರಸಭೆಯಲ್ಲಿ ಸದಸ್ಯೆಯಾಗಿರುವ ನಿಮ್ಮ ಕ್ಲಾಸ್‌ಮೇಟ್. ಅವಳಿಗೆ ದಿನವೂ ಇದೇ ತಲೆನೋವು. ಕಾಪು, ಮಲ್ಲಾರು, ಉಳಿಯಾರಗೋಳಿ ಗ್ರಾಮ ಪಂಚಾಯತ್‌ಗಳನ್ನು ಸೇರಿಸಿ ಪುರಸಭೆ ಮಾಡಿದ್ದು. ನಿನ್ನೆ ತನಕ ಪಂಚಾಯತಿನಲ್ಲಿ ನೈನ್ ಇಲೆವೆನ್ ನಮೂನೆ ಕೇಳುತ್ತಿದ್ದವರು ಇಂದು ಖಾತೆ ಕೇಳುತ್ತಾರೆ. ಸಮುದ್ರದ ಕಡೆಗೆ ಹೋದರೆ ಸಿಆರ್‌ಝೆಡ್, ಗದ್ದೆಯ ಕಡೆಗೆ ಬಂದರೆ ಹಸಿರು ವಲಯ, ನಡುವೆ ಹೆದ್ದಾರಿ. “ಜಾಗ ಉಂಟು, ಮನೆ ಕಟ್ಟಲಿಕ್ಕೆ ಜಾಗ ಇಲ್ಲ ಮಾರಾಯ್ತಿ,” ಅನ್ನುತ್ತಾಳೆ. ನಿಮಗೆ ನಗು ಬರುವುದಿಲ್ಲ. ಆಮೇಲೆ ಮಾಡುತ್ತೇನೆಂದು ಇಡುತ್ತೀರಿ.

ಗಂಟೆ. ಮತ್ತೆ ಒಳಗೆ.

ಒಳಚರಂಡಿಯ ವೆಟ್‌ವೆಲ್ ಉಕ್ಕಿದ ದೂರು ಚರ್ಚೆಯಾಗುತ್ತಿದೆ. ಕೊಳಚೆ ನಿಟ್ಟೂರಿನ ಶುದ್ಧೀಕರಣ ಘಟಕಕ್ಕೆ ಹೋಗಬೇಕು, ಆದರೆ ಪಂಪು ನಿಂತಾಗಲೆಲ್ಲ ಇಂದ್ರಾಣಿ ಹೊಳೆಗೆ ಹೋಗುತ್ತದೆ. ಇಂದ್ರಾಳಿಯ ದೇವಸ್ಥಾನದ ಬಳಿ ತೀರ್ಥವಾಗಿ ಹುಟ್ಟುವ ನೀರು ಕಲ್ಸಂಕ ದಾಟುವಾಗ ಮೂಗು ಮುಚ್ಚಿಸುತ್ತದೆ. ಕೊಡವೂರು, ಕಲ್ಮಾಡಿ ಕಡೆಯ ಬಾವಿಗಳಲ್ಲಿ ಅದೇ ವಾಸನೆ. ಆ ಭಾಗದ ಸದಸ್ಯರೊಬ್ಬರು ಬಾಟಲಿಯಲ್ಲಿ ತುಂಬಿಸಿ ತಂದಿದ್ದಾರೆ. ಮುಚ್ಚಳ ತೆಗೆಯುತ್ತಾರೆ. ಮಲ್ಲಿಗೆಯ ವಾಸನೆ ಆ ಕ್ಷಣವೇ ಸಾಯುತ್ತದೆ. ಗೋಳಿಬಜೆ ನಿಮ್ಮ ಹೊಟ್ಟೆಯಲ್ಲಿ ಮಗುಚುತ್ತದೆ.

“ಮುಚ್ಚಿ ಮಾರಾಯ್ರೆ!”

“ನಮ್ಮ ಮನೆಯವರು ಎಲ್ಲಿಗೆ ಹೋಗಿ ಮುಚ್ಚುವುದು?”

ಒಳ್ಳೆಯ ಪ್ರಶ್ನೆ. ಇದೇ ಊರು 1968ರಲ್ಲಿ ಇಂಥದೇ ವಾಸನೆಯ ಎದುರು ಒಂದು ತೀರ್ಮಾನ ಮಾಡಿತ್ತು. ಆಗ ಪುರಸಭೆಯ ಅಧ್ಯಕ್ಷರಾಗಿದ್ದವರು ಇನ್ನೂ ಮೂವತ್ತು ತುಂಬದ ಡಾ. ವಿ.ಎಸ್. ಆಚಾರ್ಯ. ಮಲ ಹೊರುವ ಪದ್ಧತಿಯನ್ನು ಪುರಸಭೆ ತನ್ನ ಮಿತಿಯೊಳಗೆ ನಿಲ್ಲಿಸಿತು. ಬಸವಲಿಂಗಪ್ಪನವರು ಮಂತ್ರಿಯಾಗಿ ರಾಜ್ಯಕ್ಕೆಲ್ಲ ಅದನ್ನು ನಿಲ್ಲಿಸಲು ಹೊರಟದ್ದು ಆಮೇಲೆ. ದೇಶದ ಕಾನೂನು ಬಂದದ್ದು 1993ರಲ್ಲಿ. ಆ ಕಾನೂನು ಬರಲಿ ಎಂದು ಕಾದಿದ್ದರೆ ಇನ್ನೂ ಕಾಲು ಶತಮಾನ ತಲೆಯ ಮೇಲೆ ಬುಟ್ಟಿ ಇರುತ್ತಿತ್ತು. ನಮಗೆ ಅಧಿಕಾರ ಇಲ್ಲ, ನಾವು ಅಭಿಪ್ರಾಯ ಮಾತ್ರ ಹೇಳುವವರು ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಇಸವಿ ನೆನಪಾಗುತ್ತದೆ. ಆ ಕಾಲದವರು ದೊಡ್ಡವರು, ಈಗಿನವರು ಸಣ್ಣವರು ಎಂಬ ಅರ್ಥದಲ್ಲಲ್ಲ. ಅಂದೂ ಕುರ್ಚಿಗಳು ಇಷ್ಟೇ ಎತ್ತರದವು.

“ವಿಷಯ ಸಂಖ್ಯೆ 29.”

ನಿಮ್ಮ ಬೆನ್ನು ನೆಟ್ಟಗಾಗುತ್ತದೆ. ಗುಮಾಸ್ತರ ಸ್ವರ ಬದಲಾಗಿಲ್ಲ, ಆದರೆ ಪ್ರತಿ ಅಕ್ಷರವೂ ಈಗ ಕಿವಿಗೆ ಬೇರೆ ಬೇರೆಯಾಗಿ ಬೀಳುತ್ತದೆ. ಸರ್ವೆ ನಂಬ್ರ. ವಿಸ್ತೀರ್ಣ. ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸುವ ಬಗ್ಗೆ ಸಭೆಯ ಅಭಿಪ್ರಾಯ. ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ತೋಡು.

ತೋಡು.

ಬೆರಳು ನಕ್ಷೆಯ ಜೆರಾಕ್ಸ್ ಹುಡುಕುತ್ತದೆ. ಗೆರೆಯೊಂದು ಹಾಳೆಯ ಮೇಲಂಚಿನಿಂದ ಇಳಿದು ಬಂದು, ಅಮ್ಮನ ಗದ್ದೆಯ ಉತ್ತರಕ್ಕೆ ಬಳುಕಿ ಹೋಗುತ್ತದೆ. ಈ ಗೆರೆಯನ್ನು ಈಗಷ್ಟೇ ಎಲ್ಲೋ ನೋಡಿದ್ದೀರಿ. ಹಾಳೆ ಮಗುಚುತ್ತೀರಿ. 20, 17, 15, 14. ಮಣಿಪಾಲದ ಇಳಿಜಾರಿನ ನಕ್ಷೆ. ಅಲ್ಲಿಯೂ ಒಂದು ಗೆರೆ. ಅದು ಹಾಳೆಯ ಕೆಳಂಚಿನಿಂದ ಹೊರಗೆ ಹೋಗುತ್ತದೆ.

ಒಂದು ಹಾಳೆ ಮೇಲೆ. ಇನ್ನೊಂದು ಕೆಳಗೆ. ಎರಡು ಗೆರೆ ಕೂಡುತ್ತವೆ.

ಎದೆ ಧಸಕ್ ಎನ್ನುತ್ತದೆ. ಮುರಕಲ್ಲಿನ ಗುಡ್ಡ ಮಳೆಯನ್ನು ಕುಡಿಯುತ್ತದೆ, ಆದರೆ ಜೆಸಿಬಿ ಕಡಿದು ಇಂಟರ್‌ಲಾಕ್ ಹಾಸಿದ ಮೇಲೆ ಕುಡಿಯುವುದಿಲ್ಲ. ಆ ಸಮುಚ್ಚಯದ ತಾರಸಿ, ಅಂಗಳ, ಪಾರ್ಕಿಂಗ್ ಎಲ್ಲದರ ನೀರು ಪೈಪಿನಲ್ಲಿ ಒಟ್ಟಾಗಿ ಈ ತೋಡಿಗೆ ಧುಮುಕುತ್ತದೆ. ಅದಕ್ಕೆ ನೀವೇ ಮಂಜೂರು ಅಂದಿದ್ದೀರಿ. ಇಲ್ಲಿಯತನಕ ತೋಡು ಉಕ್ಕಿದಾಗ ನೀರು ನಿಲ್ಲಲಿಕ್ಕೆ ಒಂದು ಜಾಗ ಇತ್ತು, ಬೈಲಿನ ಗದ್ದೆಗಳು. ಈಗ ಆ ಜಾಗಕ್ಕೂ ಹಳದಿ ಬಣ್ಣ ಕೇಳುತ್ತಿದ್ದೀರಿ. ಮಣ್ಣು ತುಂಬಿಸಿ ಎರಡಡಿ ಎತ್ತರಿಸಿದರೆ ಅಮ್ಮನ ಮಗನ ಮನೆ ಉಳಿಯುತ್ತದೆ. ನೀರು ಆಚೆಯವರ ಜಗಲಿ ಹತ್ತುತ್ತದೆ. ತುಂಬಿಸದಿದ್ದರೆ ಸಾಲ ಮಾಡಿ ಕಟ್ಟಿದ ಮನೆಯೊಳಗೇ ಬರುತ್ತದೆ. ಗುಡ್ಡ ಹಳದಿ, ಆದ್ದರಿಂದ ಯಾರೂ ಪ್ರಶ್ನೆ ಕೇಳಲಿಲ್ಲ. ಬೈಲು ಹಸಿರು, ಆದ್ದರಿಂದ ಒಬ್ಬ ಮುದುಕಿ ವರ್ಷಗಟ್ಟಲೆ ಅಲೆಯಬೇಕು. ಈ ನಕ್ಷೆ ನೆಲದ ಮೇಲೆ ಏನು ಕಟ್ಟುತ್ತೀರಿ ಎಂದು ಕೇಳುತ್ತದೆಯೇ ಹೊರತು ಆ ನೆಲದ ನೀರು ಯಾರ ಮನೆಗೆ ಹೋಗುತ್ತದೆ ಎಂದು ಕೇಳುವುದಿಲ್ಲ.

2020ರ ಸೆಪ್ಟೆಂಬರ್ 20, ಭಾನುವಾರ. ರಾತ್ರಿಯಿಡೀ ಹೊಯ್ದ ಮಳೆ. ಬೆಳಕು ಹರಿಯುವ ಮುಂಚೆ ಕಲ್ಸಂಕ ಮುಳುಗಿತ್ತು, ಬೈಲಕೆರೆ, ಮಠದಬೆಟ್ಟು, ಗುಂಡಿಬೈಲು ಮುಳುಗಿದ್ದವು. ಸೊಂಟದ ತನಕದ ನೀರಿನಲ್ಲಿ ನೀವು ನಿಂತಿದ್ದಿರಿ. ಕಾಲಿಗೆ ತಾಗಿದ್ದು ಕಸವೋ ಹಾವೋ ಗೊತ್ತಾಗಲಿಲ್ಲ. ಜನರನ್ನು ದೋಣಿಯಲ್ಲಿ ಹೊರತಂದರು. ಎನ್‌ಡಿಆರ್‌ಎಫ್ ಬಂತು. ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕೆಸರಿನ ಗೆರೆ ನಿಮ್ಮ ಮನೆಯಲ್ಲಿ ಸುಣ್ಣ ಬಳಿದರೂ ಇವತ್ತಿಗೂ ಕಾಣುತ್ತದೆ.

ಗುಮಾಸ್ತರು ಓದಿ ಮುಗಿಸಿದರು. ಉಸಿರು ಎಳೆದುಕೊಳ್ಳುತ್ತಿದ್ದಾರೆ.

ಮುಂದಿನ ಸಾಲಿನ ಹಿರಿಯರು ನಿಮ್ಮ ಕಡೆ ತಿರುಗಿ ಮುಗುಳ್ನಗುತ್ತಾರೆ. ಅವರ ತುಟಿ ‘ಮ’ಕ್ಕೆ ಸಿದ್ಧವಾಗಿದೆ. ಸುಮ್ಮನಿದ್ದರೆ ಸಾಕು. ಅಮ್ಮನ ಕೆಲಸ ಆಗುತ್ತದೆ. ಸಂಜೆ ಅವರು ಮನೆಗೆ ಬಾಳೆಹಣ್ಣು ತರುತ್ತಾರೆ. ವಾರ್ಡಿನಲ್ಲಿ ಒಳ್ಳೆಯ ಹೆಸರು. ನೆರೆ ಬರುವುದು ಯಾವಾಗಲೋ. ಬಂದರೆ ದೇವರು ಬೇರೆ ಇದ್ದಾನೆ.

ಅಂಗೈ ಬೆವರಿದೆ. ಗುಂಡಿ ಒತ್ತುತ್ತೀರಿ. ಕೆಂಪು ದೀಪ ಹತ್ತುವುದಿಲ್ಲ. ಮತ್ತೆ ಒತ್ತುತ್ತೀರಿ. ಇಲ್ಲ. ಎದ್ದು ನಿಲ್ಲುತ್ತೀರಿ. ಕುರ್ಚಿ ಹಿಂದಕ್ಕೆ ಸರಿದು ಕಿರ್ರೆನ್ನುತ್ತದೆ.

“ಮಂಜೂ...”

“ಅಧ್ಯಕ್ಷರೇ, ಒಂದು ನಿಮಿಷ!”

ಸ್ವರ ನೀವು ಎಣಿಸಿದ್ದಕ್ಕಿಂತ ಜೋರಾಗಿ ಬಂತು. ಮೊಬೈಲು ನೋಡುತ್ತಿದ್ದ ತಲೆಗಳ ಸಾಲು ಮೇಲೇಳುತ್ತದೆ.

“ಇದಕ್ಕೆ ಅಭಿಪ್ರಾಯ ಕೊಡುವ ಮೊದಲು 14ನ್ನು ಇನ್ನೊಮ್ಮೆ ನೋಡಬೇಕು. ಎರಡೂ ಒಂದೇ ತೋಡು.”

“14 ಮುಗಿದಿದೆ ಅಕ್ಕ,” ಎಡಗಡೆಯಿಂದ.

“ನೀವೂ ಮಂಜೂರು ಅಂದವರೇ ಅಲ್ಲವಾ?” ಬಲಗಡೆಯಿಂದ.

“ಹೌದು, ಅಂದೆ. ನಕ್ಷೆ ನೋಡದೆ ಅಂದೆ. ಈಗ ನೋಡಿದೆ.”

ಹಿರಿಯರ ಮುಗುಳ್ನಗೆ ಹೋಗಿದೆ. “ಇದು ನಿಮ್ಮದೇ ವಾರ್ಡಿನ ಬಡವರ ಕೇಸು. ನೀವೇ ಹೇಳಿ ಹಾಕಿಸಿದ್ದು. ಈಗ ನಿಮ್ಮದೇ ವಿರೋಧವಾ? ಹೊರಗೆ ಆ ಅಮ್ಮ ಕೂತಿದ್ದಾರೆ, ಗೊತ್ತುಂಟಲ್ಲ?”

ಗೊತ್ತುಂಟು. ಆ ಗೊತ್ತಿರುವುದೇ ಗಂಟಲಲ್ಲಿ ಸಿಕ್ಕಿಕೊಂಡಿದೆ. ಯಾರೋ ನಗುತ್ತಾರೆ. ಇನ್ಯಾರೋ, ಮೇಲಿನ ಸಮುಚ್ಚಯದ ಕಡೆಯವರು ಇರಬೇಕು, ಅಭಿವೃದ್ಧಿಗೆ ಅಡ್ಡಗಾಲು ಎನ್ನುತ್ತಾರೆ. ಕಿವಿ ಸುಡುತ್ತದೆ. ಮೊಣಕಾಲು ನಡುಗುವುದು ಯಾರಿಗೂ ಕಾಣದಂತೆ ಮೇಜಿಗೆ ಒತ್ತಿ ನಿಲ್ಲುತ್ತೀರಿ. ಎರಡು ಹಾಳೆಗಳನ್ನು ಎತ್ತಿ ಹಿಡಿಯುತ್ತೀರಿ, ಒಂದರ ಕೆಳಗೆ ಒಂದು. ದೂರದವರಿಗೆ ಗೆರೆ ಕಾಣುವುದಿಲ್ಲ, ಹಾಳೆ ನಡುಗುವುದು ಕಾಣುತ್ತದೆ.

“ಎಂಜಿನಿಯರರೇ, ಒಂದೇ ಪ್ರಶ್ನೆ. ಈ ತೋಡಿನ ಅಗಲ ಅಳೆದಿದ್ದೀರಾ? ಮೇಲಿನ ನೀರು ಸೇರಿದರೆ ಇದು ಹಿಡಿಯುತ್ತದಾ?”

ಎಂಜಿನಿಯರ್ ಪೌರಾಯುಕ್ತರನ್ನು ನೋಡುತ್ತಾರೆ. ಪೌರಾಯುಕ್ತರು ಫೈಲನ್ನು ನೋಡುತ್ತಾರೆ.

“ಸ್ಥಳ ಪರಿಶೀಲನೆ ಆಗಬೇಕು, ಮೇಡಂ.”

“ಅಂದರೆ ಅಳೆದಿಲ್ಲ.”

ಸದ್ದಿಲ್ಲ. ಮಳೆಯದು ಮಾತ್ರ. ಬಾಟಲಿ ತಂದಿದ್ದ ಕಲ್ಮಾಡಿ ಕಡೆಯ ಸದಸ್ಯರು ಎದ್ದು ನಿಲ್ಲುತ್ತಾರೆ. ಅವರು ಬೇರೆ ಪಕ್ಷದವರು, ನಿಮ್ಮೊಡನೆ ಇದುವರೆಗೆ ನೆಟ್ಟಗೆ ಮಾತಾಡಿದವರಲ್ಲ. “ಆ ತೋಡು ಕೊನೆಗೆ ಬರುವುದು ನಮ್ಮಲ್ಲಿಗೆ. ನಂಗೂ ಅಳತೆ ಬೇಕು,” ಅನ್ನುತ್ತಾರೆ. ನಿಟ್ಟೂರಿನ ಕಡೆಯಿಂದ ಇನ್ನೊಬ್ಬರು. ಠರಾವಿಗೆ ಸಹಿ ಬಿದ್ದಿಲ್ಲವಲ್ಲ, ಇವತ್ತೇ ತಿದ್ದಬಹುದು ಎಂದು ಮತ್ತೊಬ್ಬರು. ಈಗ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಅಧ್ಯಕ್ಷರ ಗಂಟೆ ಬಡಿಯುತ್ತಲೇ ಇದೆ, ಹಿರಿಯರು ಕಾರ್ಯಸೂಚಿಯನ್ನು ಮೇಜಿಗೆ ಬಡಿದು ಹೊರಗೆ ನಡೆಯುತ್ತಾರೆ. ಹೋಗುವಾಗ ನಿಮ್ಮ ಕುರ್ಚಿಯ ಬಳಿ ಬಗ್ಗಿ, “ಮುಂದಿನ ಸಲ ನಿಮ್ಮ ರಸ್ತೆಯ ಫೈಲು ಬರ್ತದಲ್ಲ, ನೋಡುವ,” ಎಂದು ಮೆಲ್ಲಗೆ ಹೇಳುತ್ತಾರೆ. ಅವರ ಬಾಯಿಂದ ವೀಳ್ಯದ ವಾಸನೆ.

ಅಧ್ಯಕ್ಷರು ಹೇಳಿ ಬರೆಸುತ್ತಾರೆ: 14 ಮತ್ತು 29, ಎರಡನ್ನೂ ತಡೆಹಿಡಿಯಲಾಗಿದೆ. ಪ್ರಾಧಿಕಾರದವರ ಜೊತೆ ಜಂಟಿ ಸ್ಥಳ ಪರಿಶೀಲನೆ ಮಾಡಿ ಮುಂದಿನ ಸಭೆಗೆ ವರದಿ. ಎಂಜಿನಿಯರ್ ಡೈರಿ ತೆರೆದು, “ಮಳೆ ಸ್ವಲ್ಪ ಕಮ್ಮಿಯಾಗಲಿ ಮೇಡಂ, ಒಂದು ದಿನ ಬಿಸಿಲು ನೋಡಿ ಬರ್ತೇವೆ,” ಎನ್ನುತ್ತಾರೆ. ನೀವು ತಲೆಯಾಡಿಸುತ್ತೀರಿ. ಕೂರುತ್ತೀರಿ. ಬೆನ್ನಿಗೆ ಮತ್ತೆ ಆ ಒದ್ದೆ.

30, 31, 32. ಬೀದಿದೀಪ, ಕರ್ವಾಲಿನ ಕಸದ ಘಟಕಕ್ಕೆ ಹೋಗುವ ಲಾರಿಗಳ ಬಾಡಿಗೆ, ನಾಯಿಗಳು. ಕಿವಿಗೆ ಯಾವುದೂ ಇಳಿಯುವುದಿಲ್ಲ. ಬಾಗಿಲಿನ ಆಚೆಯ ಬೆಂಚಿನದೇ ಯೋಚನೆ.

ಕೊನೆಗೆ ಎದ್ದು ಹೊರಗೆ ಹೋಗುತ್ತೀರಿ. ಅಮ್ಮ ಆಗಲೇ ನಿಂತಿದ್ದಾರೆ, ಫೋಲ್ಡರು ಎದೆಗೆ ಒತ್ತಿಕೊಂಡು.

“ಎನ್ನ ಬೇಲೆ ಆಂಡಾ ಮಗಾ?”

ಸುಲಭದ ಉತ್ತರ ನಾಲಿಗೆಯ ತುದಿಯಲ್ಲೇ ಇದೆ. ಅಧಿಕಾರಿಗಳು ನಿಲ್ಲಿಸಿದರು ಅಮ್ಮ, ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗೋಡೆ ಬದಿಯಲ್ಲಿ ಪತ್ರಕರ್ತರು ಬರೆದುಕೊಳ್ಳುತ್ತಿದ್ದರು. ನಾಳೆ ಬೆಳಿಗ್ಗೆ ಇವರ ಮೊಮ್ಮಗಳು ಪೇಪರು ಓದಿ ಹೇಳುತ್ತಾಳೆ.

“ಆಗಲಿಲ್ಲ ಅಮ್ಮ. ನಿಲ್ಲಿಸಿದ್ದು ನಾನೇ.”

ಅವರ ಮುಖದಲ್ಲಿ ಮೊದಲು ಏನೂ ಆಗುವುದಿಲ್ಲ. ಆಮೇಲೆ ಕೆಳತುಟಿ ಬಿಗಿಯಾಗುತ್ತದೆ. ನೀವು ತೋಡಿನ ವಿಷಯ, ಮೇಲಿನ ಪೈಪಿನ ವಿಷಯ, ಎರಡು ಹಾಳೆಯ ವಿಷಯ ಎಲ್ಲ ತುಳುವಿನಲ್ಲಿ ಹೇಳುತ್ತೀರಿ, ತಡವರಿಸುತ್ತ, ಅರ್ಧ ಕಾಗದದ ಭಾಷೆಯಲ್ಲಿ. ಅವರು ನಡುವೆಯೇ ಕೈ ಅಡ್ಡ ಮಾಡುತ್ತಾರೆ.

“ಅಲ್ಲಿ ನೀರು ಬರುವುದು ನಂಗೆ ನೀನು ಹೇಳಬೇಕಾ? ಐವತ್ತು ವರ್ಷ ಅದರಲ್ಲಿ ನಿಂತು ನೇಜಿ ನೆಟ್ಟಿದ್ದೇನೆ. ನಂಗೆ ಬೇರೆ ಜಾಗ ಇಲ್ಲ. ಅದಕ್ಕೆ ಕೇಳಿದ್ದು.”

ಇದಕ್ಕೆ ನಿಮ್ಮಲ್ಲಿ ಉತ್ತರ ಇಲ್ಲ. ಕಾಯ್ದೆಯಲ್ಲೂ ಇಲ್ಲ. ಮುಂದಿನ ಸಭೆಗೆ ಬರುವ ವರದಿ ಅವರ ಮಗನಿಗೆ ಮನೆ ಕೊಡುವುದಿಲ್ಲ. ಬೇಡ ಎಂದು ಹೇಳುವ ಅಧಿಕಾರ ಇಷ್ಟು ಕಚೇರಿಗಳಿಗೆ ಇರುವಾಗ, ಹಾಗಾದರೆ ಎಲ್ಲಿ ಕಟ್ಟಲಿ ಎಂದು ಕೇಳಿದರೆ ಜಾಗ ತೋರಿಸುವ ಕಚೇರಿ ಒಂದೂ ಇಲ್ಲ.

ಅವರು ಫೋಲ್ಡರನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಬಾಯಿ ಕಟ್ಟಿ, ಕೊಡೆ ಬಿಡಿಸುತ್ತಾರೆ. ಮೆಟ್ಟಿಲ ಹತ್ತಿರ ಹೋದವರು ನಿಲ್ಲುತ್ತಾರೆ.

“ನೋಡಲಿಕ್ಕೆ ಯಾವತ್ತು ಬರ್ತಾರಂತೆ?”

“ಮಳೆ ಬಿಟ್ಟ ಮೇಲೆ ಅಂದಿದ್ದಾರೆ. ಬಿಸಿಲು ನೋಡಿ.”

“ಬಿಸಿಲಿನ ದಿನ ಕರ್ಕೊಂಡು ಬರಬೇಡ,” ಅನ್ನುತ್ತಾರೆ. “ಏನೂ ಕಾಣುವುದಿಲ್ಲ. ಇಂಥ ದಿನ ಬರಲಿ. ಚಪ್ಪಲಿ ತೆಗೆದು ಇಳಿಯಲಿಕ್ಕೆ ಹೇಳು.”

ಅವರು ಹೋಗುತ್ತಾರೆ. ನೀವು ತಿರುಗಿ ಒಳಗೆ ನಡೆಯುತ್ತೀರಿ. ಸಭೆ ಮುಗಿದು ಎಂಜಿನಿಯರ್ ಜೀಪು ಹತ್ತುವ ಮೊದಲು ಡೈರಿಯಲ್ಲಿ ಆ ತಾರೀಖು ಬದಲಿಸಬೇಕು.